ಗೇಟ್ ರೂಮಿನ ಹೊರಗೆ ನಿಂತವಳು

ನಮ್ಮ ಗೇಟು ಈಗ ಇಲ್ಲ. ಅಜ್ಜಂಪುರದ ಆಚೆ ಎರಡು ಊರುಗಳ ನಡುವಿನ ಆ ಕಿರುದಾರಿಯಲ್ಲಿ, ರೈಲು ಹಳಿಯ ಕೆಳಗೇ ಮಣ್ಣು ತೋಡಿ ಸಿಮೆಂಟಿನ ಸೇತುವೆ ಕೂರಿಸಿದ್ದಾರೆ. ಮಳೆ ಬಂದರೆ ಅದರೊಳಗೆ ಮೊಣಕಾಲುದ್ದ ನೀರು. ಎಮ್ಮೆಗಳು ಸುಖವಾಗಿ ಮಲಗುತ್ತವೆ, ಬೈಕಿನವರು ಬೈದುಕೊಂಡು ತಳ್ಳುತ್ತಾರೆ. "ಗೇಟಮ್ಮ ಇದ್ದಾಗ್ಲೇ ಚೆನ್ನಾಗಿತ್ತು ಕಣ್ರೀ" ಎಂದು ಈಗ ಹೇಳುತ್ತಾರಂತೆ. ಇದ್ದಾಗ ನನ್ನನ್ನು ಏನೇನು ಬೈದಿದ್ದರು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಮೊನ್ನೆ ಕಡೂರಿನ ನಮ್ಮ ಮನೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಗಂಡ ತೀರಿಕೊಂಡಿದ್ದಾನೆ, ಅವನ ರೈಲ್ವೆ ಕೆಲಸ ಅನುಕಂಪದ ಮೇಲೆ ಇವಳಿಗೆ ಸಿಕ್ಕಿದೆ, ಎಲ್ಲೋ ದೂರದ ಗೇಟಿಗೆ ಹಾಕಿದ್ದಾರೆ. "ಅಕ್ಕ, ಟ್ರೈನಿಂಗ್‌ನಲ್ಲಿ ಬಾವುಟ ಹಿಡಿಯೋದು, ಫೋನ್ ಎತ್ತೋದು, ಎಲ್ಲಾ ಹೇಳ್ಕೊಟ್ರು. ಜನದ ಜೊತೆ ಹೆಂಗೆ ಏಗ್ಬೇಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಎಂದಳು. ಅವಳಿಗೆ ಕಾಫಿ ಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇದರಲ್ಲಿ ಇಲ್ಲ. ಗೇಟ್ ಕಾಯುವವಳಾಗಿ ಸೇರಿದೆ, ಗೇಟ್ ಕಾಯುವವಳಾಗಿಯೇ ನಿವೃತ್ತಿಯಾದೆ.

ಗಂಡನ ಹೆಸರು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ. ನನ್ನ ಗಂಡನ ಹೆಸರು ಮಂಜಪ್ಪ. ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದರು. ಹಳಿಯ ಮೇಲೆ ಸಾಯಲಿಲ್ಲ, ಕಾಮಾಲೆಯಲ್ಲಿ ಹೋದರು. ನಮ್ಮ ಸುಮಾ ಆಗಿನ್ನೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ತಿಥಿಯ ದಿನ ಬಳೆ ಒಡೆದರು, ಹಣೆ ಒರೆಸಿದರು. ಒಬ್ಬಳು ಮುದುಕಿ ಬಂದು ಕಿವಿಯಲ್ಲಿ ಹೇಳಿದಳು: "ಇನ್ಮೇಲೆ ಬೆಳಿಗ್ಗೆ ಯಾರಾದ್ರೂ ಹೊರಟಾಗ ಎದುರಿಗೆ ಬರ್ಬೇಡ ಕಣವ್ವ. ಒಳ್ಳೆ ಕೆಲ್ಸಕ್ಕೆ ಹೋಗೋರು ಇರ್ತಾರೆ." ಸತ್ತದ್ದು ನನ್ನ ಗಂಡ, ಅಶುಭ ಆದದ್ದು ನಾನು. ಈ ಲೆಕ್ಕ ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಊಟದ ಎಲೆ ಎತ್ತಿದ ಮೇಲೆ ಗಂಡನ ಅಣ್ಣ ನನ್ನನ್ನು ಕರೆದು ಕೂರಿಸಿದರು.

"ನೋಡು ಲಲ್ತಾ, ಅವನ ಕೆಲ್ಸ ನಮ್ಮ ಮನೇಲೇ ಉಳೀಲಿ. ನನ್ನ ಮಗನಿಗೆ ಕೊಡ್ಸನ. ನಂಗೆ ಬ್ಯಾಡ ಅಂತ ಒಂದು ಸೈನ್ ಹಾಕ್ಬಿಡು. ನಿಂಗೂ ಮಗೀಗೂ ಎರಡು ಹೊತ್ತಿನ ಮುದ್ದೆಗೆ ಮೋಸ ಇಲ್ಲ."

"ಭಾವ, ಮುದ್ದೆ ಹಾಕೋ ಕೈ ಒಂದಿನ ತಟ್ಟೆ ಕಿತ್ಕೊಳ್ಳಲೂಬಹುದು. ಕೆಲ್ಸ ನಾನೇ ಮಾಡ್ತೀನಿ."

"ಹೆಂಗಸು ಹೋಗಿ ಬೀದೀಲಿ ಗೇಟ್ ಕಾಯ್ತಾಳಾ? ಮನೆ ಮಾನ ಏನಾಗ್ಬೇಕು?"

"ಅವರು ಆಸ್ಪತ್ರೇಲಿ ಮಲಗಿದ್ದಾಗ ಆ ಮಾನ ಒಂದ್ಸಲನೂ ನೋಡೋಕೆ ಬರ್ಲಿಲ್ವಲ್ಲ ಭಾವ."

ಗಂಡಸರ ಎದುರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅತ್ತೆ ಕೆಂಚಮ್ಮ ಬಾಗಿಲ ಮರೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮಗನ ಪರವೂ ಆಡಲಿಲ್ಲ, ನನ್ನ ಪರವೂ ಆಡಲಿಲ್ಲ. ನಾನು ಸೈನ್ ಹಾಕಲಿಲ್ಲ. ಕಚೇರಿ ಕಚೇರಿ ಅಲೆದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಒಬ್ಬೊಬ್ಬ ಗುಮಾಸ್ತನೂ ಒಂದೊಂದು ಸಲ ತಿರುಗಿಸಿ ಕಳಿಸಿದ. ಕೊನೆಗೆ ಕೆಲಸ ಸಿಕ್ಕಿತು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಒಂದು ಟ್ರಂಕ್ ಹಿಡಿದು ಗೇಟಿನ ಪಕ್ಕದ ಒಂಟಿ ಕೋಣೆಯ ಕ್ವಾರ್ಟರ್ಸಿಗೆ ಬಂದೆ.

ಮೊದಲ ವಾರ ಮಾಡಿದ ಪೆದ್ದುತನ ಕೇಳಿ. ಆಗ ಗೇಟಿಗೆ ಕರೆಂಟಿನ ಮೋಟಾರು ಇರಲಿಲ್ಲ. ಹಿಡಿಕೆ ಹಿಡಿದು ಬಾವಿಯ ರಾಟೆಯ ಹಾಗೆ ಸುತ್ತಬೇಕು, ಆಗ ಎರಡೂ ಕಡೆಯ ಕಂಬ ಇಳಿಯುತ್ತದೆ. ಸ್ಟೇಷನ್ ಮಾಸ್ಟರ್ ಫೋನ್ ಮಾಡಿ ರೈಲು ಹೊರಡುತ್ತದೆ ಎನ್ನುತ್ತಾರೆ, ನಾವು ಗೇಟ್ ಹಾಕಿ ಬೀಗ ಜಡಿದು, ಹಾಕಿದ್ದೇನೆ ಎಂದು ಅವರಿಗೆ ಹೇಳಬೇಕು. ನನಗೆ ಎಲ್ಲಿ ತಡವಾಗುತ್ತದೋ ಎಂಬ ಭಯ. ಒಂದು ರೈಲು ಹೋಯಿತು. ಇನ್ನೊಂದು ಹೇಗೂ ಬರುತ್ತದಲ್ಲ, ಯಾಕೆ ತೆಗೆದು ಮತ್ತೆ ಹಾಕುವುದು ಎಂದು ಹಾಗೇ ಬಿಟ್ಟೆ. ಆ ಇನ್ನೊಂದು ಗೂಡ್ಸು, ಬೀರೂರಿನಲ್ಲಿ ನಿಂತುಬಿಟ್ಟಿತ್ತು. ಎರಡೂ ಕಡೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಹಾಲಿನ ವ್ಯಾನು, ಸಂತೆಗೆ ಹೊರಟ ಕುರಿಮಂದೆ. ಕುರಿಗಳು ಕಂಬದ ಕೆಳಗೆ ನುಸುಳಿ ಆಚೆ ಹೋದವು, ಕಾಯುವವನು ಈಚೆ ಉಳಿದ. "ಲೇ ಗೇಟಮ್ಮ, ಕುರಿಗಿರೋ ಬುದ್ಧಿ ನಿಂಗಿಲ್ವಲ್ಲೇ!" ಎಂದು ಅವನು ಕೂಗಿದ. ಎಲ್ಲರೂ ನಕ್ಕರು. ನನಗೆ ಗೇಟಮ್ಮ ಎಂಬ ಹೆಸರು ಬಿದ್ದದ್ದು ಆ ದಿನ.

ಹಾಲಿನ ವ್ಯಾನಿನವನು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಸಾಹೇಬರು ಹಳಿಯ ಮೇಲೆ ತಳ್ಳಿಸಿಕೊಂಡು ಬರುವ ಟ್ರಾಲಿಯಲ್ಲಿ ಬಂದರು. ಕಪ್ಪಗೆ ದಪ್ಪಗಿದ್ದ ಮನುಷ್ಯ, ಮುಖದಲ್ಲಿ ನಗು ಎಂಬುದು ಇರಲಿಲ್ಲ. "ಭಯ ಇರೋರು ಗೇಟ್ ಕಾಯಬಾರದು, ಭಯ ಇಲ್ಲದೋರೂ ಕಾಯಬಾರದು. ನಿನಗೆ ಯಾವುದಾಗುತ್ತೆ ನೋಡ್ಕೋ" ಎಂದರು. ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು.

ಈಗ ದಿಬ್ಬಣದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮದುವೆ ದಿಬ್ಬಣ ಹೊರಟರೆ ಊರ ಗಡಿ, ಹಳ್ಳ, ರೈಲು ಹಳಿ ಎಲ್ಲಿ ದಾಟಿದರೂ ಒಂದು ತೆಂಗಿನಕಾಯಿ ಒಡೆಯುತ್ತಾರೆ. ಎದುರಿಗೆ ತುಂಬಿದ ಕೊಡ ಬಂದರೆ ಶುಭ, ಗಂಡ ಸತ್ತವಳು ಬಂದರೆ ಗಾಡಿ ನಿಲ್ಲಿಸಿ, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಹೊರಡುವುದು ರೂಢಿ. ನಮ್ಮ ಗೇಟ್ ದಾಟದೆ ಅತ್ತ ತರೀಕೆರೆಯ ಕಡೆಗೂ ಹೋಗುವ ಹಾಗಿಲ್ಲ, ಇತ್ತ ಅಜ್ಜಂಪುರಕ್ಕೂ ಬರುವ ಹಾಗಿಲ್ಲ. ಆ ಗೇಟಿನಲ್ಲಿ ಬರಿ ಹಣೆಯ ನಾನು.

ನಾನು ಸೇರಿದ ವರ್ಷದ ಮದುವೆ ಕಾಲದಲ್ಲೇ ಒಂದು ದಿಬ್ಬಣದ ಯಜಮಾನ ಲಾರಿಯಿಂದ ಇಳಿದು ಬಂದ. ಮಾತೇನೂ ಒರಟಾಗಿರಲಿಲ್ಲ. "ತಪ್ಪು ತಿಳ್ಕಬ್ಯಾಡವ್ವ. ನಾವು ದಾಟೋಗಂಟ ಒಂಚೂರು ಒಳಗಿರು" ಎಂದ. ಗೇಟು ಹಾಕಿತ್ತು, ರೈಲು ಬರುವುದಿತ್ತು. ಹೊಸಬಳು, ಇಷ್ಟೊಂದು ಜನ, ಲಾರಿಯ ತುಂಬ ಹೆಂಗಸರು ನನ್ನನ್ನೇ ನೋಡುತ್ತಿದ್ದಾರೆ. ನಾನು ಗೇಟ್ ರೂಮಿನೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ರೈಲು ಹೋಯಿತು. ನಾನು ಹೊರಗಿರಲಿಲ್ಲ.

ಹೊರಗೆ ಇರಲೇಬೇಕಿತ್ತು. ರೈಲು ಬರುವಾಗ ಗೇಟಿನವರು ಹಸಿರು ಬಾವುಟ ಹಿಡಿದು ಹೊರಗೆ ನಿಂತು ಡ್ರೈವರಿಗೆ ಕಾಣಿಸಬೇಕು, ರೈಲಿನ ಎರಡೂ ಬದಿ ಕಣ್ಣಾಡಿಸಬೇಕು, ಕೊನೆಯ ಡಬ್ಬಿಯ ಗಾರ್ಡಿಗೂ ಕಾಣಿಸಬೇಕು. ಚಕ್ರದಲ್ಲಿ ಹೊಗೆಯೋ ನೇತಾಡುವ ಕಬ್ಬಿಣವೋ ಕಂಡರೆ ಕೆಂಪು ಬಾವುಟ ತೋರಿಸಬೇಕು. ಡ್ರೈವರ್ ಮುಂದಿನ ಸ್ಟೇಷನ್ನಿನಲ್ಲಿ ಹೇಳಿದ: ಆ ಗೇಟಿನಲ್ಲಿ ಮನುಷ್ಯರೇ ಇರಲಿಲ್ಲ. ಮತ್ತೆ ಟ್ರಾಲಿ ಬಂತು, ಮತ್ತೆ ಅದೇ ನಗುವಿಲ್ಲದ ಮುಖ.

"ಎಲ್ಲಿ ಹೋಗಿದ್ದೆ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳುವಾಗ ಅಳು ಬಂತು. ಸಾಹೇಬರು ಸಮಾಧಾನ ಮಾಡಲಿಲ್ಲ, ಕೂಗಾಡಿದರು.

"ಶಕುನ ಗಿಕುನ ನನಗೆ ಗೊತ್ತಿಲ್ಲ. ಇಡೀ ಊರಲ್ಲಿ ಯಾರು ಒಳಗಿದ್ರೂ ಪರವಾಗಿಲ್ಲ, ನೀನು ಒಳಗಿರೋ ಹಾಗಿಲ್ಲ. ನೀನು ಕಾಣಬೇಕು! ಅದಕ್ಕೇ ನಿನಗೆ ಸಂಬಳ. ಇನ್ನೊಂದು ಸಲ ಒಳಗೆ ಹೋದರೆ ಮನೆಗೇ ಹೋಗು."

ಅವರು ಬೈದು ಹೋದ ಮೇಲೆ ನಾನು ಅಳುವುದನ್ನು ನಿಲ್ಲಿಸಿ ಯೋಚಿಸಿದೆ. ಊರು ಕಾಣಬೇಡ ಎನ್ನುತ್ತದೆ, ರೈಲು ಕಾಣಲೇಬೇಕು ಎನ್ನುತ್ತದೆ. ಸಂಬಳ ಕೊಡುವುದು ಯಾರು? ಅಂದಿನಿಂದ ನಾನು ಒಳಗೆ ಹೋಗಲಿಲ್ಲ. ಹೆಣ ಬಂದರೂ ಹೋಗಲಿಲ್ಲ, ದಿಬ್ಬಣ ಬಂದರೂ ಹೋಗಲಿಲ್ಲ. ಯಾರಾದರೂ ಇಳಿದು ಬಂದರೆ ಅವರು ಬಾಯಿ ತೆರೆಯುವ ಮೊದಲೇ, "ರೂಲ್ಸ್ ಇಲ್ಲ ಅಣ್ಣ. ಬೇಕಾದ್ರೆ ನೀವು ಕಣ್ಮುಚ್ಕೊಳ್ಳಿ" ಎನ್ನುತ್ತಿದ್ದೆ. ಕೆಲವರು ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದರು. ಒಬ್ಬ ಮದುಮಗ ಹಾಗೆ ಮುಚ್ಚಿಕೊಂಡು ಇಳಿಯಲು ಹೋಗಿ ಜಲ್ಲಿಯ ಮೇಲೆ ಬಿದ್ದ, ಪೇಟ ಒಂದು ಕಡೆ, ಅವನೊಂದು ಕಡೆ. ನಾನೇ ಎತ್ತಿ ನಿಲ್ಲಿಸಬೇಕಾಯಿತು.

ಕಾಯಿಯದೂ ಒಂದು ಜಗಳ. ಎಲ್ಲರಿಗೂ ಹಳಿಯ ಮೇಲೇ ಒಡೆಯಬೇಕು, ಕಬ್ಬಿಣ ಗಟ್ಟಿ, ಒಂದೇ ಏಟಿಗೆ ಒಡೆಯುತ್ತದೆ. ಚೂರುಗಳನ್ನು ತಿನ್ನಲು ಮೇಕೆಗಳು ಹಳಿಗೆ ಬರುತ್ತವೆ. ಒಂದು ಮೇಕೆ ರೈಲಿಗೆ ಸಿಕ್ಕಿತು, ಅದರ ಮಾಲೀಕ ಬಂದು ನನ್ನ ಮೇಲೆ ಎಗರಾಡಿದ. ಮಾರನೆಯ ದಿನ ನಾನು ಒಂದು ದಪ್ಪ ಕಲ್ಲು ಉರುಳಿಸಿಕೊಂಡು ಬಂದು ಗೇಟಿನ ಪಕ್ಕ ನೆಟ್ಟೆ. ಕಾಯಿ ಒಡೆಯುವುದಾದರೆ ಇಲ್ಲಿ, ಹಳಿಯ ಮೇಲೆ ಒಡೆದರೆ ಗೇಟ್ ತೆಗೆಯುವುದಿಲ್ಲ ಎಂದೆ. ಬೈದರು, ಆದರೂ ಅಲ್ಲೇ ಒಡೆದರು. ಕೆಲವು ವರ್ಷಕ್ಕೆ ಯಾರೋ ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚತೊಡಗಿದರು. ನನ್ನ ಹಣೆಗೆ ಇಲ್ಲದ ಕುಂಕುಮ ನಾನು ನೆಟ್ಟ ಕಲ್ಲಿಗೆ ಸಿಕ್ಕಿತು. ಆಗ ನಾನೂ ಒಂದು ದಿನ ಕನ್ನಡಿಯ ಮುಂದೆ ನಿಂತು ಸಣ್ಣದೊಂದು ಬೊಟ್ಟು ಇಟ್ಟುಕೊಂಡೆ.

ಅದನ್ನು ಮೊದಲು ನೋಡಿದ್ದು ಅತ್ತೆ. ಆ ವೇಳೆಗೆ ಅವರು ನನ್ನ ಜೊತೆಯೇ ಇದ್ದರು. ದೊಡ್ಡ ಮಗನ ಮನೆಯಲ್ಲಿ ಏನಾಯಿತೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ಮಧ್ಯಾಹ್ನ ಬಟ್ಟೆಯ ಗಂಟು ಹೊತ್ತು ಹಳಿಯ ಗುಂಟ ನಡೆದು ಬಂದು, "ಮಗೀನ ನೋಡ್ಕಳೋರು ಯಾರೂ ಇಲ್ಲ ಅಂದ್ರಲ್ಲ, ಅದ್ಕೆ ಬಂದೆ" ಎಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಆಡಿಕೊಳ್ಳಬಹುದಿತ್ತು, ಆಡಲಿಲ್ಲ. ಅವರು ಸುಮಾಳನ್ನು ನೋಡಿಕೊಂಡರು, ಕ್ವಾರ್ಟರ್ಸಿನ ಹಿಂದೆ ಅವರೆ ಬಳ್ಳಿ ಹಬ್ಬಿಸಿದರು, ದಿನಕ್ಕೆರಡು ಸಲ ನನ್ನ ಜೊತೆ ಜಗಳ ಆಡಿದರು. ಬೊಟ್ಟು ನೋಡಿದ ದಿನ ಮೂರನೆಯ ಜಗಳವೂ ಆಯಿತು.

"ನಾನೂ ಗಂಡನ್ನ ಕಳ್ಕಂಡೋಳೇ. ನಾನು ಹಿಂಗೆಲ್ಲಾ ಮೆರೀಲಿಲ್ಲ."

"ನಿಮ್ಮನ್ನ ಡ್ರೈವರ್ ನೋಡ್ಬೇಕಾಗಿರ್ಲಿಲ್ಲ ಅತ್ತೆ, ನನ್ನ ನೋಡ್ಬೇಕು."

"ಊರು ನೋಡ್ತೈತೆ ಕಣೇ, ಊರು!"

"ನೋಡ್ಲಿ ಬಿಡಿ. ಗೇಟ್ ಹಾಕಿದಾಗ ಅವ್ರಿಗೆ ಬೇರೆ ಕೆಲ್ಸ ಏನಿರುತ್ತೆ?"

ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಬೊಟ್ಟು ಮಾತ್ರ ಹಾಗೇ ಉಳಿಯಿತು.

ಹೊಸಬರಿಗೆ ಇನ್ನೊಂದು ಮಾತು. ಗೇಟಿನಲ್ಲಿ ಎಲ್ಲರಿಗೂ ಅವಸರ, ಎಲ್ಲರ ಅವಸರವೂ ನಿಜ. ಒಂದು ಸಲ ಆಟೋದಲ್ಲಿ ಹೆರಿಗೆ ನೋವು ತಿನ್ನುತ್ತಿರುವ ಹೆಂಗಸು ಬಂದಳು. ಗೇಟು ಹಾಕಿ ರೈಲಿಗೆ ದಾರಿ ಕೊಟ್ಟಾಗಿತ್ತು. ಅವಳ ಗಂಡ ಕೀಲಿಕೈಗೆ ಕೈ ಹಾಕಿದ. ನಾನು ಕೀಲಿಯನ್ನು ರವಿಕೆಯೊಳಗೆ ಇಟ್ಟುಕೊಂಡು, ಹಳಿಯ ಪಕ್ಕ ಕಲ್ಲಿನ ಹಾಗೆ ನಿಂತೆ. ಅವನು ಆಡಿದ ಮಾತುಗಳನ್ನು ಬರೆಯಲಾರೆ. "ನಿನ್ನ ಗಂಡ ಸತ್ತ ಹಾಗೆ ನನ್ನ ಹೆಂಡ್ತೀನೂ ಸಾಯ್ಲಿ ಅಂತ ನಿಂತಿದೀಯಾ" ಎಂದದ್ದು ಮಾತ್ರ ಮರೆತಿಲ್ಲ. ಅತ್ತೆ ಓಡಿ ಹೋಗಿ ಆಟೋದಲ್ಲಿ ಆ ಹೆಂಗಸಿನ ಬೆನ್ನು ನೀವುತ್ತ ಕೂತರು. ರೈಲು ಹೋಯಿತು, ಬಾವುಟ ತೋರಿಸಿದೆ, ಗೇಟ್ ಎತ್ತಿದೆ. ಅಜ್ಜಂಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು, ಇಬ್ಬರೂ ಉಳಿದರು. ಆ ಮನುಷ್ಯ ಮತ್ತೆಂದೂ ನನ್ನ ಮುಖ ನೋಡಲಿಲ್ಲ. ಅವನ ಮಗಳು ಮಾತ್ರ ಸೈಕಲ್ ಹತ್ತುವ ವಯಸ್ಸಾದಾಗ "ಗೇಟಮ್ಮಾ" ಎಂದು ಕೂಗಿಕೊಂಡು ಶಾಲೆಗೆ ಹೋಗುತ್ತಿದ್ದಳು. ನಿಮಗೂ ಹೀಗೆ ಬೈಯುತ್ತಾರೆ. ಕೀಲಿ ಕೊಡಬೇಡಿ.

ಕಾಲ ಬದಲಾಯಿತು. ಕೈಯಲ್ಲಿ ಸುತ್ತುವ ಹಿಡಿಕೆ ಹೋಗಿ ಮೋಟಾರು ಬಂತು, ಗೇಟ್ ಬೀಳದೆ ರೈಲಿಗೆ ಸಿಗ್ನಲ್ಲೇ ಸಿಗದ ಹಾಗೆ ಮಾಡಿದರು, ಸಾಹೇಬರು ಟ್ರಾಲಿ ಬಿಟ್ಟು ಜೀಪಿನಲ್ಲಿ ಬಂದರು. ಶಕುನ ನೋಡುವವರು ಲಾರಿ ಬಿಟ್ಟು ಕಾರಿನಲ್ಲಿ ಬಂದರು, ಅಷ್ಟೇ ವ್ಯತ್ಯಾಸ.

ಸುಮಾ ನರ್ಸಿಂಗ್ ಓದಿ ತರೀಕೆರೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯ ಹತ್ತಿರದ ಊರಿನ ಹುಡುಗ ಒಪ್ಪಿದ, ಇವಳೂ ಒಪ್ಪಿದಳು. ಹುಡುಗನಿಗೆ ತಂದೆ ಇಲ್ಲ, ಮನೆಯ ಮಾತೆಲ್ಲ ಅವನ ಸೋದರಮಾವನದು. ನಿಶ್ಚಯದ ದಿನ ಆ ಮಾವ ವೀಳ್ಯದೆಲೆ ಮುಂದಿಟ್ಟುಕೊಂಡು, "ನೋಡ್ರಮ್ಮ, ನಮ್ಮದು ಮಠಕ್ಕೆ ನಡ್ಕೊಳ್ಳೋ ಮನೆ. ಧಾರೆಗೆ ನಿಮ್ಮ ಅಣ್ಣ ಅತ್ತಿಗೆ ಕೂರ್ಲಿ. ಹುಡುಗೀನ ಕರ್ಕಂಡು ಹೋಗುವಾಗ್ಲೂ ನೀವು ಎದುರಿಗೆ ಇರ್ಬಾರ್ದು. ಇದಕ್ಕೆ ಒಪ್ಪಿದ್ರೆ ಎಲೆ ಹಿಡೀರಿ" ಎಂದರು. ಹುಡುಗ ತಲೆ ತಗ್ಗಿಸಿದ. ಸುಮಾ ಎದ್ದು ನಿಂತಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಅವಳು ಆ ಹುಡುಗನನ್ನು ಬಯಸಿದ್ದಳು, ಅದು ನನಗೆ ಗೊತ್ತಿತ್ತು. ಧಾರೆಯ ವಿಷಯಕ್ಕೆ ಆಗಲಿ ಎಂದೆ. ಎರಡನೆಯದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ಅವರು ಹೂಂ ಎಂದೇ ತಿಳಿದುಕೊಂಡರು.

ಮದುವೆ ನಮ್ಮ ಗೇಟಿನ ಈಚೆ ಊರಿನ ದೇವಸ್ಥಾನದಲ್ಲಿ ಆಯಿತು. ನಾನು ಹೆತ್ತು, ಹೊತ್ತು, ಓದಿಸಿದ ಮಗಳನ್ನು ನನ್ನ ಅಣ್ಣ ಧಾರೆ ಎರೆದ. ನಾನು ಅತ್ತೆಯ ಪಕ್ಕ ಕಂಬದ ಹಿಂದೆ ಕೂತಿದ್ದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಉರಿಯಿತು. ಊಟ ಮುಗಿಯುವ ಮೊದಲೇ ಎದ್ದು ಕ್ವಾರ್ಟರ್ಸಿಗೆ ಹೋಗಿ ರೇಷ್ಮೆ ಸೀರೆ ಬಿಚ್ಚಿಟ್ಟು, ಡ್ಯೂಟಿ ಸೀರೆ ಉಟ್ಟು, ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡೆ. ಬೆಳಗಿನ ಪಾಳಿಯ ಬಸವರಾಜನಿಗೆ ಆಶ್ಚರ್ಯ. "ಅಕ್ಕ, ಇವತ್ತು ರಜೆ ಅಲ್ವಾ?" ಎಂದ. "ಅರ್ಧ ದಿನ ಮಾತ್ರ ಹಾಕಿದ್ದೆ. ನೀನು ಹೋಗಿ ಉಂಡು ಬಾ" ಎಂದೆ. ಆ ಚಪ್ಪರ ಅವರದ್ದು. ಗೇಟು ನನ್ನದು.

ದಿಬ್ಬಣ ಬರುವುದಕ್ಕೂ ಸ್ಟೇಷನ್ನಿನಿಂದ ಫೋನ್ ಬರುವುದಕ್ಕೂ ಸರಿಹೋಯಿತು. ಗೇಟ್ ಹಾಕಿದೆ. ಮುಂದಿನ ಕಾರಿನಲ್ಲಿ ಮದುಮಕ್ಕಳು, ಕೊನೆಯ ಕಾರಿನಲ್ಲಿ ಮದುಮಗಳ ಜೊತೆ ಹೋಗುವವರೆಂದು ಅತ್ತೆ. ಹಿಂದಿನ ಕಾರಿನಿಂದ ಸೋದರಮಾವ ಕೈಯಲ್ಲಿ ತೆಂಗಿನಕಾಯಿ ಹಿಡಿದು ಇಳಿದರು. ನನ್ನನ್ನು ನೋಡಿ ಮುಖ ಕೆಂಪಾಯಿತು.

"ಏನ್ರಮ್ಮ ಇದು? ಏನು ಮಾತಾಗಿತ್ತು? ಒಳಗೆ ಹೋಗಿ. ಹುಡುಗಿ ಮೊದಲ್ನೇ ಸಲ ಗಂಡನ ಮನೆಗೆ ಹೊರಟವ್ಳೆ."

"ರೈಲು ಬತ್ತೈತೆ ಬೀಗ್ರೇ. ನಾನು ಒಳಗೆ ಹೋಗೋ ಹಾಗಿಲ್ಲ."

"ಹಂಗಾದ್ರೆ ದಿಬ್ಬಣ ವಾಪಸ್ ತಿರುಗಿಸ್ತೀನಿ!"

ಈ ಮನುಷ್ಯ ತಿರುಗಿಸಿದರೂ ತಿರುಗಿಸಿಯಾನು. ಮಗಳ ಬಾಳು ನನ್ನ ಹಟಕ್ಕೆ ಬಲಿಯಾಯಿತೇ ಎನಿಸಿತು. ಗೇಟ್ ರೂಮಿನ ಬಾಗಿಲು ನನ್ನ ಬೆನ್ನ ಹಿಂದೆಯೇ ತೆರೆದಿತ್ತು, ಎರಡು ಹೆಜ್ಜೆ ಹಿಂದೆ ಇಟ್ಟರೆ ಮುಗಿಯುತ್ತಿತ್ತು. ದೂರದಲ್ಲಿ ರೈಲು ಕೂಗಿತು. ನಾನು ಬಾವುಟ ಬಿಚ್ಚಿ ಹಿಡಿದೆ.

ಆಗ ಕೊನೆಯ ಕಾರಿನ ಬಾಗಿಲು ತೆರೆದು ಅತ್ತೆ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಆ ಮನುಷ್ಯನ ಮುಂದೆ ನಿಂತರು.

"ಏನಪ್ಪಾ, ಶಕುನ ನೋಡ್ತೀಯಾ? ಈ ಹುಡುಗಿಗೆ ತುತ್ತು ಹಾಕಿದೋಳು ನಾನು, ಮುಂಡೆ. ದುಡಿದು ಓದ್ಸಿದೋಳು ಇವ್ಳು, ಮುಂಡೆ. ಎರಡು ಮುಂಡೇರ ಕೈಯಾಗೆ ಬೆಳೆದ ಹುಡುಗೀನ ನೀನು ಕೇಳ್ಕಂಡು ಬಂದೆ. ಶಕುನ ನೋಡೋನು ಆವತ್ತೇ ನೋಡ್ಬೇಕಿತ್ತು."

ಇಷ್ಟು ವರ್ಷ ನನ್ನ ಬೊಟ್ಟಿಗೆ ಬೈದ ಅತ್ತೆಯ ಬಾಯಿ ಅದು. ನನ್ನ ಕಣ್ಣು ತುಂಬಿತು, ಆದರೆ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸುಮಾಳೂ ಇಳಿದಳು. ಬಾಸಿಂಗ ಕಟ್ಟಿಕೊಂಡೇ ಬಂದು, ಚಿಕ್ಕವಳಿದ್ದಾಗ ನಿಲ್ಲುತ್ತಿದ್ದ ಜಾಗದಲ್ಲಿ, ನನ್ನ ಎಡಕ್ಕೆ ನಿಂತಳು. ಅವಳ ಹಿಂದೆಯೇ ಅಳಿಯ ಬಂದು ನಿಂತ. ನಿಶ್ಚಯದ ದಿನ ತಗ್ಗಿಸಿದ ತಲೆಯನ್ನು ಅವನು ಎತ್ತಿದ್ದು ಆಗಲೇ. ರೈಲು ನಮ್ಮ ಮುಂದೆ ಹಾದುಹೋಯಿತು. ಮದುಮಕ್ಕಳನ್ನು ನೋಡಿದ ಡ್ರೈವರ್ ಉದ್ದಕ್ಕೆ ಹಾರ್ನ್ ಹೊಡೆದ. ನಾನು ಗಾಲಿಗಳನ್ನು ನೋಡುತ್ತಿದ್ದೆ. ಹೊಗೆಯಿಲ್ಲ, ಏನೂ ನೇತಾಡುತ್ತಿರಲಿಲ್ಲ. ಗಾರ್ಡ್ ಕೈ ಎತ್ತಿದರು.

ಅಳಿಯ ತನ್ನ ಮಾವನ ಕೈಯಿಂದ ಕಾಯಿ ತೆಗೆದುಕೊಂಡು ಸುಮಾಳಿಗೆ ಕೊಟ್ಟ. ಅವಳು ಅದನ್ನು ನನ್ನ ಕೈಗಿಟ್ಟಳು. "ಅವ್ವ, ನೀನೇ ಒಡಿ."

ನಮ್ಮಲ್ಲಿ ಹೆಂಗಸರು ಕಾಯಿ ಒಡೆಯುವುದಿಲ್ಲ, ಗಂಡ ಸತ್ತವರಂತೂ ಮುಟ್ಟುವುದೂ ಇಲ್ಲ. ನಾನು ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು, ನಾನೇ ನೆಟ್ಟ ಕಲ್ಲಿಗೆ ಎತ್ತಿ ಬಡಿದೆ. ಹಿಂದಿನ ಕಾರಿನವರೆಲ್ಲ ಕತ್ತು ಚಾಚಿದರು. ಕಾಯಿ ಸಮನಾಗಿ ಒಡೆಯಿತೋ ಓರೆಯಾಗಿ ಒಡೆಯಿತೋ, ಒಳಗೆ ಚೆನ್ನಾಗಿತ್ತೋ ಕೆಟ್ಟಿತ್ತೋ, ನಾನು ನೋಡಲಿಲ್ಲ. ಎರಡೂ ಕಡೆ ಗಾಡಿಗಳು ಕಾಯುತ್ತಿದ್ದವು, ನಾನು ಗೇಟ್ ತೆಗೆಯಬೇಕಿತ್ತು.